ತೈಪಿಂಗ್‌ನ ಗಿಡ್ಡ ರೈಫಲ್ ಮತ್ತು ಇನ್ನೊಂದು ಸದ್ದು

ಭಾನುವಾರ ಬೆಳಿಗ್ಗೆ ಕೆ.ಎಲ್. ಸೆಂಟ್ರಲ್‌ನಲ್ಲಿ ತೈಪಿಂಗ್‌ನ ರೈಲು ಹತ್ತಿದೆ. ಟಿಕೆಟ್ಟಿಗೆ ಅರವತ್ತು ರಿಂಗಿಟ್‌ನ ಹತ್ತಿರ, ದಾರಿ ಮೂರೂವರೆ ಗಂಟೆಯದು. ಬ್ರಿಕ್‌ಫೀಲ್ಡ್ಸ್‌ನಲ್ಲಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡಿದ್ದ ಇಡ್ಲಿ ಅರ್ಧ ದಾರಿಗೇ ಮುಗಿಯಿತು. ಇಪೋ ಸ್ಟೇಷನ್ ಬರುವ ಹೊತ್ತಿಗೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು.

ನಾನು ಉಡುಪಿಯವನು, ಕಿವಿ-ಮೂಗು-ಗಂಟಲಿನ ವೈದ್ಯ. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಇನ್ನೊಂದು ಹುಚ್ಚು ಹಳೆಯ ಲಿವರ್ ರೈಫಲ್‌ಗಳದು: ಹಿಡಿಯ ಕೆಳಗಿನ ಕಬ್ಬಿಣದ ಬಳೆಯನ್ನು ಕೆಳಗೆಳೆದು ಮೇಲಕ್ಕೆ ಒತ್ತಿದರೆ ಮುಂದಿನ ತೋಟಾ ತಾನಾಗಿ ಏರುವಂಥವು. ನನ್ನ ಪರವಾನಗಿಯ ಎರಡು ಮಂಗಳೂರಿನ ಕೋವಿ ಅಂಗಡಿಯೊಂದರ ಸುಪರ್ದಿಯಲ್ಲಿವೆ. ರಜೆಗೆ ಹೋದಾಗ ಕ್ಲಬ್ಬಿಗೆ ಒಯ್ದು ಹಾರಿಸುತ್ತೇನೆ. ಆದರೆ ಅವುಗಳಲ್ಲೇ ಅಪರೂಪವಾದ, ಮೊಳದಷ್ಟೂ ನಳಿಗೆಯಿಲ್ಲದ ಗಿಡ್ಡ ಜಾತಿಯನ್ನು ನಾನು ಕೈಯಲ್ಲಿ ಹಿಡಿದೇ ಇರಲಿಲ್ಲ. ಅದು ಮಾದಪ್ಪ ಅಂಕಲ್ ಹತ್ತಿರ ಇತ್ತು.

ಅವರಿಗೆ ಎಂಬತ್ತು ದಾಟಿದೆ. ಕೊಡಗಿನಿಂದ ಎಳೆಯ ವಯಸ್ಸಿನಲ್ಲೇ ಬಂದು ತೋಟದ ಮ್ಯಾನೇಜರ್ ಆಗಿ ನಿವೃತ್ತರಾದವರು. ಕಾಡುಹಂದಿಯಿಂದ ತೋಟ ಕಾಯಲೆಂದು ಕೊಟ್ಟ ಪರವಾನಗಿ ಇನ್ನು ನವೀಕರಣವಾಗುವುದಿಲ್ಲ, ಸೋಮವಾರ ರೈಫಲ್ ಪೊಲೀಸರಿಗೆ ಒಪ್ಪಿಸಬೇಕು. ಎಡಗಿವಿ ತೋರಿಸಲು ನನ್ನಲ್ಲಿಗೆ ಬಂದಾಗ ಹೇಳಿದ್ದರು: "ಕೊಡೋ ಮೊದಲು ಒಂದು ಸಲ ಬನ್ನಿ ಡಾಕ್ಟ್ರೇ. ನಿಮ್ಮ ಕಿವಿ ಬೇಕು ನನಗೆ."

ಸ್ಟೇಷನ್ನಿನಿಂದ ತೋಟಕ್ಕೆ ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆ. ಅಡುಗೆಯ ಸರೋಜಮ್ಮ ಅನ್ನ, ಮೀನು ಸಾರು ಬಡಿಸಿದರು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ತಮಿಳು ಹೆಂಗಸು. ಊಟದ ನಂತರ ಅಂಕಲ್ ಎಣ್ಣೆ ಬಟ್ಟೆಯಿಂದ ರೈಫಲ್ ಬಿಚ್ಚಿದರು. ಬಳೆಯ ಒಳಬದಿ ಬೆರಳು ತಾಗಿ ತಾಗಿ ಬೆಳ್ಳಗಾಗಿತ್ತು. ಅಳತೆ ಬರೆದುಕೊಂಡೆ, ಚಿತ್ರ ತೆಗೆದೆ. ಹಾರಿಸುವ ಹಕ್ಕು ಪರವಾನಗಿ ಇದ್ದ ಅವರಿಗೆ ಮಾತ್ರ.

ಆಗ ಅವರು ವಿಷಯ ಹೇಳಿದರು. ನಲವತ್ತು ವರ್ಷದ ಹಿಂದೆ, ಹಳ್ಳದ ಹತ್ತಿರ, ಇದೇ ರೈಫಲ್‌ನಿಂದ ಹಂದಿಗೆ ಒಂದು ಗುಂಡು ಹೊಡೆದಿದ್ದರು. ಅದರ ಬೆನ್ನಿಗೇ ಹಿಂದಿನಿಂದ ಇನ್ನೊಂದು ಸದ್ದು ಕೇಳಿತ್ತು. ಹೋಗಿ ನೋಡಿದರೆ ರಬ್ಬರ್ ಹಾಲು ತೆಗೆಯುವ ವೇಲು ಹಳ್ಳದಲ್ಲಿ ಸತ್ತು ಬಿದ್ದಿದ್ದ. ಗುಂಡು ಮೈಯನ್ನು ತೂರಿ ಹೋಗಿತ್ತು, ಯಾವ ಕೋವಿಯದೆಂದು ತಿಳಿಯುವಂತಿರಲಿಲ್ಲ.

"ಇನ್ನೊಂದು ಕೋವಿ ಇತ್ತು ಅಂತ ಪೊಲೀಸ್ರಿಗೆ ಹೇಳಿದೆ. ಎರಡನೇದು ಗುಡ್ಡದ ಪ್ರತಿಧ್ವನಿ ಅಂದ್ರು. ನನ್ನ ಮಾತು ಯಾರೂ ಬರ್ಕೊಳ್ಳಲೇ ಇಲ್ಲ. ಆಕಸ್ಮಿಕ ಅಂತ ಮುಗಿಸಿದ್ರು." ಅಡುಗೆಮನೆಯ ಕಡೆ ನೋಡಿದರು. "ವೇಲುವಿನ ಮಗಳೇ ಸರೋಜಾ. ಇಪ್ಪತ್ತೆಂಟು ವರ್ಷದಿಂದ ನನಗೆ ಅನ್ನ ಹಾಕ್ತಿದ್ದಾಳೆ. ಒಂದು ದಿನವೂ ಕೇಳಿಲ್ಲ."

ಅಲ್ಲಿ ಪ್ರತಿಧ್ವನಿ ಬರುತ್ತದೆಯೇ ಎಂದು ನಾನು ಕೇಳಿ ಹೇಳಬೇಕಿತ್ತು. ನಾಲ್ಕು ಗಂಟೆಗೆ ಮೂವರೂ ಹಳ್ಳಕ್ಕೆ ನಡೆದೆವು. ಸರೋಜಮ್ಮ ತಾವಾಗಿಯೇ ಹೊರಟುಬಂದರು. ಈಗ ಅಲ್ಲಿ ರಬ್ಬರ್ ಇಲ್ಲ, ಎಣ್ಣೆ ತಾಳೆ. ಮರಗಳ ಸಾಲಿನೊಳಗೆ ಬೆಳಕು ಹಸಿರಾಗಿ ಕೊಳೆತಂತಿತ್ತು. ಜೀರುಂಡೆಗಳ ಸದ್ದಿಗೆ ನಮ್ಮ ಹೆಜ್ಜೆಯೂ ಕೇಳುತ್ತಿರಲಿಲ್ಲ. ಉಳಿದಿದ್ದ ತೋಟಾ ಮೂರೇ. ಅಂಕಲ್ ಎದುರಿನ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಮೊದಲನೆಯದನ್ನು ಹೊಡೆದರು.

ಒಂದೇ ಸದ್ದು. ತಾಳೆ ಅದನ್ನು ನುಂಗಿಬಿಟ್ಟಿತು.

"ಪ್ರತಿಧ್ವನಿ ಇಲ್ಲ ಅಂಕಲ್," ಎಂದೆ. "ಆದರೆ ಆಗ ಮರ ಬೇರೆ ಇತ್ತಲ್ಲ, ಇದರಿಂದ ಏನೂ ಖಚಿತ ಹೇಳೋಕಾಗಲ್ಲ."

ಅವರು ತಲೆಯಾಡಿಸಿ ಬಳೆ ಎಳೆದು ಒತ್ತಿದರು. ಅಷ್ಟರಲ್ಲಿ ಜೀರುಂಡೆಗಳು ಒಮ್ಮೆಲೇ ನಿಂತವು. ಎರಡನೆಯ ಗುಂಡು ಹಾರಿತು. ಉಸಿರು ಬಿಡುವಷ್ಟು ಹೊತ್ತಿನಲ್ಲಿ ನಮ್ಮ ಬೆನ್ನ ಹಿಂದೆ ಇನ್ನೊಂದು ಹಾರಿತು. ಗುಡ್ಡದಿಂದ ಮರಳುವ ಸದ್ದು ಮೆತ್ತಗಿರುತ್ತದೆ. ಇದು ಒಣ ಹಲಗೆ ಸೀಳಿದ ಹಾಗೆ ಚುರುಕಾಗಿತ್ತು. ನನಗಿಂತ ಮೊದಲು ಸರೋಜಮ್ಮ ತಿರುಗಿದ್ದರು.

"ಈಗಲೂ ಒಂದೇ ಅಲ್ವಾ?" ಅಂಕಲ್ ದಿಬ್ಬವನ್ನೇ ನೋಡುತ್ತಾ ಕೇಳಿದರು. ಅವರಿಗೆ ಕೇಳಿರಲಿಲ್ಲ.

ನಾನು ಹಿಂದಕ್ಕೆ ಓಡಿದೆ. ಸಾಲಿನಿಂದ ಸಾಲಿಗೆ ನೋಡಿದೆ. ಹಸಿ ಮಣ್ಣಿನ ಮೇಲೆ ನಾವು ಬಂದ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ಗಾಳಿ ಹಳ್ಳದ ಕಡೆಗೆ ಬೀಸುತ್ತಿತ್ತು, ನಮ್ಮ ಕೋವಿಯ ಹೊಗೆ ಇತ್ತ ಬರುವಂತಿರಲಿಲ್ಲ. ಆದರೂ ಅಲ್ಲಿ ಸುಟ್ಟ ಮದ್ದಿನ ವಾಸನೆ ಗಾಢವಾಗಿತ್ತು.

ಮರಳಿ ಬಂದಾಗ ಸರೋಜಮ್ಮ ಅಂಕಲ್‌ರ ಬಲಗಿವಿಯ ಹತ್ತಿರ ಬಾಗಿ ತಮಿಳಿನಲ್ಲಿ ಹೇಳುತ್ತಿದ್ದರು: "ಎರಡು ಕೇಳಿತು ದೊರೈ. ಇಷ್ಟು ವರ್ಷ ನೀವು ಸುಳ್ಳು ಹೇಳ್ತಿದ್ದೀರಿ ಅಂದ್ಕೊಂಡಿದ್ದೆ."

ಅಂಕಲ್ ನನ್ನ ಮುಖ ನೋಡಿದರು. "ಹೌದು, ಎರಡು," ಎಂದೆ. ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಮೂರನೆಯ ತೋಟಾವನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಪೊಲೀಸ್ ಠಾಣೆಯಲ್ಲಿ ಮಲಯ ಅಧಿಕಾರಿಯೊಬ್ಬರು ರೈಫಲ್ ಪಡೆದು, ದಾಖಲೆಯ ಮೂರರಲ್ಲಿ ಉಳಿದ ಒಂದು ತೋಟಾ ನೋಡಿದರು. "ಎರಡು ಹಾರಿಸಿದ್ದೀರಿ. ಆದರೆ ಪಕ್ಕದ ತೋಟದ ಕಾವಲುಗಾರ ಫೋನ್ ಮಾಡಿದ್ದ. ನಿನ್ನೆ ನಾಲ್ಕು ಗಂಟೆ ಸುಮಾರಿಗೆ ಮೂರು ಗುಂಡು ಅಂತ. ಮೂರನೆಯದು ಯಾರದ್ದು ಅಂಕಲ್?"

"ನನ್ನದಲ್ಲ," ಎಂದರು ಮಾದಪ್ಪ ಅಂಕಲ್. ಮೇಜಿನ ಮೇಲೆ ಎರಡೂ ಕೈ ಊರಿದರು. "ಆ ಕಾವಲುಗಾರ ಹೇಳಿದ್ದನ್ನ ಹಾಗೇ ಬರ್ಕೊಳ್ಳಿ."

ಅಧಿಕಾರಿ ಬರೆದರು. ಅಂಕಲ್ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲನ್ನು ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ರೈಫಲ್ ಒಳಗೆ ಹೋದದ್ದನ್ನು ಅವರು ಗಮನಿಸಲೂ ಇಲ್ಲ.

ಮಧ್ಯಾಹ್ನದ ರೈಲಿಗೆ ಇಬ್ಬರೂ ಬಿಡಲು ಬಂದರು. ಅಂಕಲ್ ನೀರು ತರಲು ಅಂಗಡಿಗೆ ಹೋದಾಗ ಸರೋಜಮ್ಮ ಕೇಳಿದರು: "ಡಾಕ್ಟರ್, ಹಾಗಾದರೆ ಅಪ್ಪನನ್ನು ಹೊಡೆದವನು ಇನ್ನೂ ಅಲ್ಲೇ ಇದ್ದಾನಾ?"

ಅಂಕಲ್ ತಂದ ನೀರಿನ ಬಾಟಲಿ ಹಿಡಿದು ನಾನು ರೈಲು ಹತ್ತಿದೆ. ರೈಲು ಹೊರಟಿತು. ಅಂಕಲ್ ಹಗುರವಾದವರಂತೆ ಕೈ ಬೀಸುತ್ತಿದ್ದರು. ಸರೋಜಮ್ಮ ಮಾತ್ರ ರೈಲಿಗೆ ಬೆನ್ನು ಮಾಡಿ ತೋಟದ ಕಡೆಯ ಗುಡ್ಡವನ್ನು ನೋಡುತ್ತಾ ನಿಂತಿದ್ದರು.