ಬೆತ್ತದ ಕುರ್ಚಿಯ ಹೇಂಟೆ

ಬಾಳೂರಿನ ಚಿಕ್ಕಮ್ಮ ಮೊನ್ನೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮೊಟ್ಟೆ ಕಳಿಸಿದ್ದಾರೆ. ಬಿಸ್ಕತ್ತಿನ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ, ಅದರೊಳಗೆ ಮೊಟ್ಟೆ ಹುದುಗಿಸಿ, ಮೇಲೆ ಹಳೇ ಸೀರೆಯ ತುಂಡು ಬಿಗಿದು. ಒಂದೂ ಒಡೆದಿಲ್ಲ. ಚಿಕ್ಕಮಗಳೂರಿನ ನನ್ನ ಬಾಡಿಗೆ ರೂಮಿನಲ್ಲಿ ಬಾಣಲೆ ಕಾದಿದೆ, ಈರುಳ್ಳಿ ಕೆಂಪಾಗಿದೆ, ಕೈಯಲ್ಲಿ ಮೊಟ್ಟೆ ಇದೆ. ಒಡೆಯಲು ಮಾತ್ರ ಮನಸ್ಸು ಬರುತ್ತಿಲ್ಲ. ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಚಿಕ್ಕಮ್ಮನ ಪ್ರಕಾರ ಹೋದರೆ ಈ ಮೊಟ್ಟೆ ನನಗೆ ಇನ್ನೊಬ್ಬ ಚಿಕ್ಕಪ್ಪ ಆಗಬೇಕು.

ನಾನು ದೇವರನ್ನು ನಂಬುವವಳಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಪರ ವಿರೋಧ ಎರಡನ್ನೂ ಒಂದೇ ಗಂಟಲಲ್ಲಿ ಹೇಳುವ ಅಭ್ಯಾಸವಾಗಿದೆ. ಯಾರಾದರೂ "ಇವತ್ತು ಭಾರೀ ಸೆಕೆ" ಅಂದರೆ "ಯಾವುದಕ್ಕೆ ಹೋಲಿಸಿದರೆ?" ಅನ್ನುತ್ತೇನೆ. ಇದರಿಂದ ಬಹುಮಾನದ ಕಪ್ಪುಗಳು ಬಂದವು, ಗೆಳತಿಯರು ಹೋದರು. 'ಆತ್ಮ ಇದೆಯೇ?' ಎಂಬ ವಿಷಯ ಕೊಟ್ಟ ವರ್ಷ, ಬೆಳಿಗ್ಗೆ ಹಿಂದೂ ಪಕ್ಷ ವಹಿಸಿ ಗೆದ್ದು, ಮಧ್ಯಾಹ್ನ ಬೌದ್ಧ ಪಕ್ಷ ವಹಿಸಿ ಗೆದ್ದವಳು ನಾನು. ಎರಡನ್ನೂ ನಂಬದೆ ಇದ್ದದ್ದು ಅನುಕೂಲವೇ ಆಯಿತು.

ಈ ಕೀರ್ತಿ ಬಾಳೂರಿಗೂ ಮುಟ್ಟಿತ್ತು. ಹಾಗಾಗಿಯೇ ಒಂದು ರಜೆಯಲ್ಲಿ ಚಿಕ್ಕಪ್ಪನ ಫೋನು ಬಂದದ್ದು. "ಒಂದ್ಸಲ ಬಂದು ಹೋಗು ಮಾರಾಯ್ತಿ. ನಿನ್ನ ಚಿಕ್ಕಮ್ಮ ನನ್ನ ಅವ್ವನ್ನ ಕೋಳಿ ಮಾಡಿ ಕೂರ್ಸಿದಾಳೆ."

ವಿಷಯ ಇಷ್ಟು. ಚಿಕ್ಕಪ್ಪ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಾರೆ. ಮರುದಿನ ಬರುವ ಅತಿಥಿಗಳಿಗೆ ಕಡುಬು, ನಾಟಿ ಕೋಳಿ ಸಾರು ಎಂದು ಮಾತಾಗಿತ್ತು. ಗೂಡಿನಲ್ಲಿ ಉಳಿದದ್ದು ಒಂದೇ ಹೇಂಟೆ. ಅದನ್ನು ಕೊಯ್ಯಲು ಚಿಕ್ಕಮ್ಮ ಬಿಡುತ್ತಿಲ್ಲ. ಅದು ಕೋಳಿಯಲ್ಲ, ತಮ್ಮ ತೀರಿಹೋದ ಅತ್ತೆ ಅನ್ನುತ್ತಾರೆ. ಅಂದರೆ ನನ್ನ ಅಜ್ಜಿ.

ಸಾಕ್ಷಿಗಳೂ ಇದ್ದವು. ಅಜ್ಜಿ ಹೋದ ಮೇಲೆಯೇ ಅದು ಮೊಟ್ಟೆಯೊಡೆದು ಬಂದದ್ದು. ಕಾಫಿ ಒಣಗಿಸುವ ಕಣದಲ್ಲಿ ಆಳುಗಳ ಹಿಂದೆಯೇ ಗೊಣಗುತ್ತಾ ಸುತ್ತುತ್ತದೆ. ಚಿಕ್ಕಮ್ಮ ಹಾಕಿದ ಅಕ್ಕಿಯನ್ನು ಮೊದಲು ಕಾಲಿನಿಂದ ಕೆದರಿ ಆಚೆ ತಳ್ಳಿ, ಆಮೇಲೆ ದೊಡ್ಡ ಉಪಕಾರ ಮಾಡುವಂತೆ ತಿನ್ನುತ್ತದೆ. ಮಧ್ಯಾಹ್ನ ಜಗಲಿಯ ಬೆತ್ತದ ಕುರ್ಚಿ ಏರಿ, ಅಜ್ಜಿಯ ಹಾಗೆಯೇ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಮನೆ ನೋಡಿಕೊಳ್ಳುತ್ತದೆ.

ನಾನು ಅದೇ ಕುರ್ಚಿಯಲ್ಲಿ ಕೂತು ವಾದ ಶುರುಮಾಡಿದೆ. ಚಿಕ್ಕಪ್ಪ ಮೆಟ್ಟಿಲ ಮೇಲೆ ಕತ್ತಿ ಮಸೆಯುತ್ತಿದ್ದರು, ಚಿಕ್ಕಮ್ಮ ಕಡುಬಿಗೆಂದು ಅಕ್ಕಿತರಿ ಕೇರುತ್ತಿದ್ದರು.

"ನಿಮ್ಮ ಧರ್ಮದ ಪ್ರಕಾರವೇ ಮಾತಾಡ್ತೀನಿ ಚಿಕ್ಕಮ್ಮ. ಆತ್ಮಕ್ಕೆ ಸಾವಿಲ್ಲ, ಬಾಡಿಗೆ ಮನೆ ಬದಲಿಸ್ದಂಗೆ ದೇಹ ಬದಲಿಸ್ತಾ ಹೋಗುತ್ತೆ. ಎಂಥಾ ಮನೆ ಸಿಗುತ್ತೆ ಅನ್ನೋದು ಮಾಡಿದ ಕರ್ಮದ ಮೇಲೆ. ಒಪ್ಪಿದ್ರಾ? ಅಜ್ಜಿ ವರ್ಷಾ ವರ್ಷ ಹೊರನಾಡು ದೇವಸ್ಥಾನಕ್ಕೆ ಹೋದವ್ರು, ಬಂದವ್ರಿಗೆಲ್ಲ ಊಟ ಹಾಕಿದವ್ರು. ಅಷ್ಟು ಪುಣ್ಯಕ್ಕೆ ಕೋಳಿ ಜನ್ಮನಾ?"

"ಪುಣ್ಯ ಇದ್ದಿದ್ದಕ್ಕೇ ನಮ್ಮನೆ ಕೋಳಿ ಆಗಿದ್ದು. ಬೇರೆ ಮನೇಲಾಗಿದ್ರೆ ಯುಗಾದಿ ಮಾರನೇ ದಿನವೇ ಸಾರಾಗ್ತಿದ್ರು."

"ಹಾಗಾದ್ರೆ ಮೋಕ್ಷ? ಹುಟ್ಟು ಸಾವಿನ ಸುತ್ತಿಂದಲೇ ಬಿಡುಗಡೆ ಸಿಗ್ಬೇಕಿತ್ತಲ್ಲ?"

"ಅದಕ್ಕೆ ಎಲ್ಲಾ ಬಿಡ್ಬೇಕು ಕಣೇ. ಸಾಯೋ ದಿನಾನೂ ಉಗ್ರಾಣದ ಬೀಗದ ಕೈ ಸೊಂಟದಲ್ಲೇ ಇತ್ತು. ನಾನೇ ಬಿಡಿಸಿದ್ದು."

ಸಭೆಯಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು, ಅದೂ ನನಗಲ್ಲ. ತಕ್ಷಣ ಪಕ್ಷ ಬದಲಿಸಿ ಬುದ್ಧನನ್ನು ಕರೆತಂದೆ.

"ಬುದ್ಧ ಏನಂದ ಗೊತ್ತಾ? ಬದಲಾಗದೆ ಉಳಿಯೋ ಆತ್ಮ ಅಂತ ಒಂದಿಲ್ಲ. ದೇಹ, ಅನುಭವ, ಗುರುತು, ಸಂಸ್ಕಾರ, ಅರಿವು, ಇವಿಷ್ಟರ ಕಟ್ಟು ಮನುಷ್ಯ. ನಮ್ಮ ಕಾಫೀನೇ ನೋಡಿ. ಹೂವು ಹಣ್ಣಾಯ್ತು, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ರೆ ಪಾರ್ಚ್‌ಮೆಂಟ್ ಬೀಜ ಆಯ್ತು, ಅದು ಹುರಿದು ಪುಡಿಯಾಯ್ತು, ಲೋಟಕ್ಕೆ ಬಂತು. ಒಂದರಿಂದ ಒಂದು ಬಂದಿದ್ದು ಹೌದು. ಹಾಗಂತ ಲೋಟದೊಳಗೆ ಹೂವು ಕೂತಿದ್ಯಾ? ಸತ್ತ ಮೇಲೆ ದಾಟಿ ಬರೋದು ಆಸಾಮಿ ಅಲ್ಲ, ಮಾಡಿದ ಕರ್ಮ, ತೀರದ ಆಸೆ, ಅದರ ಓಟ ಅಷ್ಟೇ. ಅಂದ್ರೆ ಬಂದಿರೋದು ಅಜ್ಜಿ ಅಲ್ಲ. ಹೆಚ್ಚೆಂದ್ರೆ ಅಜ್ಜಿ ಸ್ವಭಾವ."

ಚಿಕ್ಕಮ್ಮ ಮೊರ ಕೆಳಗಿಟ್ಟರು. "ಸ್ವಭಾವ ಬಿಟ್ಟು ಅತ್ತೇಲಿ ಇನ್ನೇನಿತ್ತೇ?"

ಚಿಕ್ಕಪ್ಪನಿಗೆ ತಮ್ಮ ವಕೀಲೆ ಸೋಲುತ್ತಿರುವುದು ಗೊತ್ತಾಯಿತು. "ದುಃಖದ್ದೇನೋ ಹೇಳಿದಾನಲ್ಲ ಬುದ್ಧ, ಅದನ್ನ ಹೇಳು."

"ದುಃಖ ಇದೆ. ಅದಕ್ಕೆ ಆಸೆ ಕಾರಣ. ಅದನ್ನ ನಿಲ್ಲಿಸ್ಬಹುದು. ನಿಲ್ಲಿಸೋಕೆ ದಾರಿ ಇದೆ."

"ಸರಿಯಾಗೇ ಹೇಳಿದಾನೆ. ನಂಗೆ ದುಃಖ ಇದೆ, ಈ ಕೋಳಿ ಕಾರಣ, ದಾರಿ ಇಲ್ಲಿದೆ," ಎಂದು ಕತ್ತಿ ಎತ್ತಿ ತೋರಿಸಿದರು.

"ಅವನ ಪಂಚಶೀಲದಲ್ಲಿ ಮೊದಲನೇದೇ ಕೊಲ್ಲಬಾರದು ಅಂತ, ಚಿಕ್ಕಪ್ಪ," ಅಂದುಬಿಟ್ಟೆ. ತಪ್ಪು ಕಂಡರೆ ತಿದ್ದುವ ಚಟ. ಅದು ನಮ್ಮ ಪಕ್ಷದ್ದೇ ಆಗಿದ್ದರೂ.

ಚಿಕ್ಕಮ್ಮನ ದನಿ ಇಳಿಯಿತು. "ಮದ್ವೆಯಾಗಿ ಬಂದಾಗಿಂದ ಬೈಸ್ಕೊಂಡಿದೀನಿ ಕಣೇ. ಅವ್ರು ಹೋದ್ಮೇಲೆ ಅಡುಗೆ ಹ್ಯಾಗಾಯ್ತು ಅಂತ ಹೇಳೋರೇ ಇಲ್ಲ. ನಿನ್ನ ಚಿಕ್ಕಪ್ಪ ಏನ್ ಹಾಕಿದ್ರೂ ತಿಂದು ಏಳ್ತಾರೆ. ಈ ಮನೇಲಿ ಇನ್ನೂ ನನ್ನ ತಪ್ಪು ಹುಡುಕ್ತಿರೋದು ಇದೊಂದೇ."

ನನ್ನಲ್ಲಿ ಉತ್ತರ ಸಿದ್ಧವಿತ್ತು. ಅಕ್ಕಿ ಕೆದರದ ಕೋಳಿ ಲೋಕದಲ್ಲಿ ಎಲ್ಲಿದೆ? ಬಾಯಿ ತೆರೆಯುವಷ್ಟರಲ್ಲಿ ಹೇಂಟೆ ಜಗಲಿ ಹತ್ತಿ ಬಂತು. ಕುರ್ಚಿಯೆದುರು ನಿಂತು, ಕತ್ತು ಓರೆ ಮಾಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿತು.

ನಾನು ಎದ್ದು ನಿಂತೆ. ಅದು ಹಾರಿ ಕೂತಿತು.

"ನೀನ್ಯಾಕೆ ಎದ್ದೆ?" ಚಿಕ್ಕಪ್ಪ ಕೇಳಿದರು.

"ಕಾಲು ಜೋಮು ಹಿಡಿದಿತ್ತು."

ಅವರು ನನ್ನನ್ನೂ ಕೋಳಿಯನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಕತ್ತಿಯನ್ನು ಸೂರಿಗೆ ಸಿಕ್ಕಿಸಿ ಜೀಪಿನ ಕೀಲಿ ತೆಗೆದುಕೊಂಡರು. "ಕಳಸ ಪೇಟೆಯಿಂದ ಬೇರೆ ಕೋಳಿ ತರ್ತೀನಿ." ಮೆಟ್ಟಿಲಿಳಿಯುವ ಮುಂಚೆ ಕುರ್ಚಿಯ ಕಡೆ ತಿರುಗಿ, ಅಜ್ಜಿ ಇದ್ದಾಗ ಹೇಳುತ್ತಿದ್ದ ಹಾಗೆಯೇ, "ಹೋಗ್ಬರ್ತೀನಿ" ಅಂದರು. ಕಳಸದಿಂದ ತರುವುದು ಯಾರ ಅವ್ವನೋ ಎಂಬ ಪ್ರಶ್ನೆ ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ನಾನು ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದೇ ಇರಬೇಕು.

ಈಗ ಈರುಳ್ಳಿ ಸೀಯಲು ಶುರುವಾಗಿದೆ. ಒಲೆ ಸಣ್ಣ ಮಾಡಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಈ ಮೊಟ್ಟೆ ತಿನ್ಬಹುದಾ?"

"ಇದೊಳ್ಳೆ ಪ್ರಶ್ನೆ! ತಿನ್ನೇ. ಅತ್ತೇನೇ ಕಳ್ಸಿದ್ದು, ನೀನು ಸೊರಗಿದೀಯ ಅಂತ."

ಫೋನ್ ಇಟ್ಟು, ಮೊಟ್ಟೆಯನ್ನು ಬಾಣಲೆಗೆ ಒಡೆದು ಹಾಕಿದೆ. ರೂಮಿನಲ್ಲಿರುವುದು ಒಂದೇ ಕುರ್ಚಿ. ಅದನ್ನು ಖಾಲಿ ಬಿಟ್ಟು, ತಟ್ಟೆ ಹಿಡಿದು ನೆಲದ ಮೇಲೆ ಕೂತೆ. ಉಪ್ಪು ಕಮ್ಮಿಯಾಗಿತ್ತು. ಈ ಸಲ ಕಾಲಿಗೆ ಜೋಮೇನೂ ಹಿಡಿದಿರಲಿಲ್ಲ.