ಬಲೆ ಒಣಗಿಸುವ ಗೂಟದ ಹಿಂದಿನ ಗುಡ್ಡ

ವಿಡಿಯೊ ಆಟದಲ್ಲಿ ಯಾರೂ ತುಳಿಯದ ದಾರಿ ಎಂಬುದು ಇಲ್ಲ. ನೀವು ಅಂಗಡಿಯಿಂದ ಡಿಸ್ಕ್ ತಂದು, ‘ಈ ಮೂಲೆ ನಾನೇ ಕಂಡುಹಿಡಿದೆ’ ಎಂದು ಬೀಗುವ ಹೊತ್ತಿಗೆ ಸಂಬಳಕ್ಕೆ ದುಡಿಯುವ ಯಾರೋ ಒಬ್ಬರು ಆ ಮೂಲೆಗೆ ನೂರು ಸಲ ಮೂಗು ಉಜ್ಜಿ ಹೋಗಿರುತ್ತಾರೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪತ್ರಿಕೆ ತೆರೆದರೆ ಅದೇ ಜಗಳ. ಕಥೆಯ ಕೈ ಹಿಡಿದು ಒಂದೇ ದಾರಿಯಲ್ಲಿ ಕರೆದೊಯ್ಯುವ ಆಟ ಮೇಲೋ, ಮನಸ್ಸು ಬಂದ ಕಡೆ ಅಲೆಯಲು ಬಿಡುವ ಆಟ ಮೇಲೋ? ಅಲೆಯುವವರು ಕಥೆಯವರನ್ನು ಓಣಿಯಲ್ಲಿ ಓಡುವ ಇಲಿಗಳು ಎನ್ನುತ್ತಾರೆ. ಕಥೆಯವರು ಇವರನ್ನು ಹುಲ್ಲು ಎಣಿಸುವ ಸೋಮಾರಿಗಳು ಎನ್ನುತ್ತಾರೆ. ಎರಡೂ ಕಡೆಯವರು ಸಾಕ್ಷಿಗೆ ಎಳೆದು ತರುವುದು ಮಾತ್ರ ಒಂದೇ ಗುಡ್ಡವನ್ನು. ಆ ಗುಡ್ಡ ಉಳಿದದ್ದು ಯಾರಿಂದ ಎಂದು ಈ ಪಂಡಿತರಲ್ಲಿ ಒಬ್ಬನಿಗೂ ಗೊತ್ತಿಲ್ಲ.

ಅವರ ಹೆಸರು ಇತಾನಿ ಕಿನುಯೊ. ಜಪಾನಿನ ಒಸಾಕಾದ ದಕ್ಷಿಣಕ್ಕೆ, ಕಂಬಳಿ ನೇಯುವ ಇಜುಮಿಓತ್ಸು ಊರಿನವರು. ಹದಿನೆಂಟಕ್ಕೆ ಕಂಬಳಿ ಗಿರಣಿ ಸೇರಿ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದರು. ಹಿಂದಿನಿಂದ ದೀಪ ಬಿದ್ದ ಗಾಜಿನ ಮೇಲೆ ಬಟ್ಟೆ ಹರಿದು ಬರುತ್ತದೆ, ಅದರಲ್ಲಿ ತೂತು, ಗಂಟು, ತಪ್ಪಿದ ಎಳೆ ಹುಡುಕಬೇಕು. ಗಿರಣಿ ಮುಚ್ಚಿದಾಗ ಅವರಿಗೆ ನಲವತ್ತು. ನಗರದ ಆಟ ತಯಾರಿಸುವ ಕಂಪನಿಯೊಂದು ‘ದೋಷ ಕಾಣುವ ಕಣ್ಣಿರುವವರು ಬೇಕು’ ಎಂದು ಜಾಹೀರಾತು ಹಾಕಿತ್ತು. ಕಿನುಯೊ ಅದನ್ನು ಬಟ್ಟೆಯ ಕಂಪನಿ ಎಂದುಕೊಂಡೇ ಅರ್ಜಿ ಹಾಕಿದರು. ಸಂದರ್ಶನದಲ್ಲಿ ಕೈಗೆ ಕಂಟ್ರೋಲರ್ ಕೊಟ್ಟಾಗ ಅದನ್ನು ತಲೆಕೆಳಗಾಗಿ ಹಿಡಿದರಂತೆ. ಆದರೆ ಹತ್ತು ನಿಮಿಷದಲ್ಲಿ, ಉಳಿದವರಿಗೆ ಮೂರು ವಾರ ಕಾಣದಿದ್ದ ಬಿರುಕೊಂದನ್ನು ತೋರಿಸಿದರು.

ನಾನು ಎರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತವನು. ನಮ್ಮದು ಗೋಡೆ ಉಜ್ಜುವ ಕೆಲಸ. ಆಟದೊಳಗಿನ ಮನುಷ್ಯನನ್ನು ಗೋಡೆಗೆ ಒತ್ತಿ ಹಿಡಿದು, ಊರಿನ ಸುತ್ತ ಅಂಗುಲ ಅಂಗುಲವಾಗಿ ಜಾರಿಸುತ್ತ ಹೋಗುವುದು. ಎಲ್ಲಾದರೂ ಆತ ಗೋಡೆಯೊಳಗೆ ತೂರಿಕೊಂಡರೆ ಜಾಗ, ಹೊತ್ತು, ರೀತಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ತಟ್ಟೆಗೆ ಹಾಕುವುದು. ನಾವು ಹನ್ನೆರಡು ಮಂದಿ. ಹನ್ನೊಂದು ಮಂದಿ ಬೇಜಾರಿಗೆ ನಿದ್ದೆ ಹೋಗುತ್ತಿದ್ದೆವು. ಕಿನುಯೊ ಮಾತ್ರ ತಣ್ಣನೆಯ ಬಾರ್ಲಿ ಚಹಾ ಪಕ್ಕಕ್ಕಿಟ್ಟುಕೊಂಡು, ಮೊಮ್ಮಗುವಿನ ಬೆನ್ನು ಉಜ್ಜುವಷ್ಟು ನಿಧಾನವಾಗಿ ಗೋಡೆ ಉಜ್ಜುತ್ತಿದ್ದರು. ಎಲ್ಲರೂ ಅವರನ್ನು ಇತಾನಿ ಅಕ್ಕ ಎನ್ನುತ್ತಿದ್ದೆವು.

ಹೊಸ ಶತಮಾನಕ್ಕೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು ಇದು. ಕಂಪನಿ ಆಗ ‘ಏಳು ಬಂದರುಗಳ ಪತ್ರ’ ಎಂಬ ಆಟ ಮುಗಿಸುತ್ತಿತ್ತು. ಶಿಯೊ ಎಂಬ ಹುಡುಗಿ ಸತ್ತ ಅಜ್ಜನ ಪತ್ರವೊಂದನ್ನು ಏಳು ಬಂದರು ದಾಟಿಸಿ ತಲುಪಿಸಬೇಕು. ನಿರ್ದೇಶಕ ಸೆಗಾವಾ ಮೊದಲು ಬೊಂಬೆಯಾಟಕ್ಕೆ ಕಥೆ ಬರೆಯುತ್ತಿದ್ದವರು. ಆಡುವವನ ಕಣ್ಣಲ್ಲಿ ಎಲ್ಲಿ ನೀರು ಬರಬೇಕು ಎಂಬುದನ್ನು ಕಾಗದದ ಮೇಲೆ ನಿಮಿಷ ಸಮೇತ ಗುರುತಿಸಿಟ್ಟಿದ್ದರು. ದಾರಿ ಒಂದೇ, ಆಚೀಚೆ ಹೆಜ್ಜೆ ಇಡುವಂತಿಲ್ಲ. ಯೋಜನೆ ನೋಡಿಕೊಳ್ಳುತ್ತಿದ್ದ ನಿಶಿಯುರಾ, ರಜೆ ಸಿಕ್ಕರೆ ಬೆಟ್ಟ ಹತ್ತಲು ಓಡುವ ಹೆಂಗಸು, ಇದನ್ನು ಸಹಿಸುತ್ತಿರಲಿಲ್ಲ. ಆಡುವವರನ್ನು ಹಗ್ಗ ಕಟ್ಟಿ ಎಳೆಯುತ್ತೀರಿ ಎಂದು ಆಕೆ ಹಂಗಿಸುವುದು, ನಿಮ್ಮ ಕೈಗೆ ಕೊಟ್ಟರೆ ಅಜ್ಜನ ಪತ್ರ ಅಂಚೆಪೆಟ್ಟಿಗೆಯಲ್ಲೇ ಕೊಳೆಯುತ್ತದೆ ಎಂದು ಅವರು ತಿರುಗಿ ಕೊಡುವುದು, ದಿನಾ ಊಟದ ಹೊತ್ತಿಗೆ ನಮಗೆ ಪುಕ್ಕಟೆ ಮನರಂಜನೆ.

ನಾಲ್ಕನೆಯ ಬಂದರಿನಲ್ಲಿ ಶಿಯೊ ದೋಣಿ ಹತ್ತಬೇಕು. ಮುದುಕ ಅಂಬಿಗ ದಡದಲ್ಲಿ ನಿಂತು, ‘ಬೇಗ ಬಾ ಮಗಳೇ, ಕಡಲಿನ ಇಳಿತ ಯಾರಿಗೂ ಕಾಯೋದಿಲ್ಲ’ ಎಂದು ಕರೆಯುತ್ತಾನೆ. ಒಂದು ಸೋಮವಾರ ಕಿನುಯೊ ಅಲ್ಲಿ ಗೋಡೆ ಉಜ್ಜುತ್ತಿದ್ದರು. ಬಲೆ ಒಣಗಿಸುವ ಗೂಟಕ್ಕೂ ಬಂಡೆಗೂ ನಡುವೆ ಶಿಯೊ ಒಂದು ಕ್ಷಣ ಅಲುಗಿ, ಆಚೆ ಜಾರಿಹೋದಳು.

ಆಚೆ ಒಂದು ಗುಡ್ಡ. ದೋಣಿ ಹೊರಡುವ ದೃಶ್ಯದಲ್ಲಿ ದೂರದಿಂದ ಅದು ಎರಡು ಉಸಿರಿನಷ್ಟು ಹೊತ್ತು ಕಾಣುತ್ತದೆ, ಅಷ್ಟೇ. ಅಷ್ಟಕ್ಕೇ ಯಾರೋ ಚಿತ್ರಕಾರ ಅದನ್ನು ಬುಡದಿಂದ ತುದಿಯವರೆಗೆ ಪೂರ್ತಿ ಮಾಡಿಟ್ಟಿದ್ದ. ಗಾಳಿಗೆ ಒಲೆಯುವ ಬೆಳ್ಳಿ ಹುಲ್ಲು, ತುದಿಯಲ್ಲಿ ಒಂದು ಚಪ್ಪಟೆ ಕಲ್ಲು. ಅಲ್ಲಿ ಯಾರೂ ಇಲ್ಲ, ಏನೂ ನಡೆಯುವುದಿಲ್ಲ. ಕಿನುಯೊ ಶಿಯೊಳನ್ನು ಕಲ್ಲಿನ ಹತ್ತಿರ ನಿಲ್ಲಿಸಿ, ಕಂಟ್ರೋಲರ್ ಕೆಳಗಿಟ್ಟು, ಬುತ್ತಿ ಬಿಚ್ಚಿ, ಅನ್ನದ ಉಂಡೆ ಎರಡನ್ನೂ ಗುಡ್ಡ ನೋಡುತ್ತಲೇ ತಿಂದು ಮುಗಿಸಿದರು.

ಆ ದಿನ ಅವರು ಚೀಟಿ ಬರೆಯಲಿಲ್ಲ.

ಇದರ ಭಾರ ನಿಮಗೆ ಅರ್ಥವಾಗಬೇಕು. ಗಿರಣಿಯೂ ಸೇರಿ ಇಪ್ಪತ್ತನಾಲ್ಕು ವರ್ಷದಲ್ಲಿ ಈ ಹೆಂಗಸು ಕಣ್ಣಿಗೆ ಬಿದ್ದ ಒಂದೇ ಒಂದು ತೂತನ್ನೂ ಮುಚ್ಚಿಟ್ಟವರಲ್ಲ. ಬರೆದರೆ ನಾಳೆಯೇ ಗುಡ್ಡಕ್ಕೆ ಅಡ್ಡಗೋಡೆ ಬೀಳುತ್ತದೆ. ಬರೆಯದಿದ್ದರೆ ತಾನು ಸುಳ್ಳುಗಾತಿ. ಶುಕ್ರವಾರ ಡಿಸ್ಕ್ ಅಚ್ಚಿಗೆ ಹೋಗುವುದಿತ್ತು. ಆಮೇಲೆ ತಪ್ಪು ತಿದ್ದಿ ಮನೆಮನೆಗೆ ಕಳಿಸುವ ಕಾಲ ಅದಲ್ಲ. ಒಮ್ಮೆ ಒತ್ತಿದ್ದು ಒತ್ತಿದ್ದೇ.

ಮಂಗಳವಾರ ಮತ್ತೆ ಹೋದರು. ಗುಡ್ಡದ ಮೇಲೆ ಅಂಗುಲ ಅಂಗುಲ ಓಡಾಡಿದರು. ಇಳಿದು ಬರುವಾಗ ಶಿಯೊ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಳು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಯಂತ್ರ ಆರಿಸುವುದೊಂದೇ ದಾರಿ. ಎಲ್ಲೋ ಉತ್ತರದ ಊರಿನಲ್ಲಿ ಒಂದು ಮಗು ವಾರವೆಲ್ಲ ಆಡಿದ್ದನ್ನು ಹೀಗೆ ಕಳೆದುಕೊಂಡು ಅಳುವುದು ಅವರ ಕಣ್ಣಿಗೆ ಕಟ್ಟಿತಂತೆ. ಬುಧವಾರ ಬೆಳಿಗ್ಗೆ ಬಂದವರೇ ಚೀಟಿ ಬರೆದರು. ತೂತು ಇಲ್ಲಿದೆ, ಸಿಕ್ಕಿಕೊಳ್ಳುವ ಬಂಡೆ ಇದು. ‘ಏನು ಮಾಡಬೇಕು’ ಎಂಬ ಜಾಗ ಖಾಲಿ ಬಿಟ್ಟು, ಚೀಟಿಯ ಅಂಚಿಗೆ ಒಂದು ಕೆಂಪು ದಾರ ಕಟ್ಟಿ ತಟ್ಟೆಗೆ ಹಾಕಿದರು.

ಗಿರಣಿಯಲ್ಲಿ ಕಂಬಳಿಯ ಅಂಚಿಗೆ ಕೆಂಪು ದಾರ ಕಟ್ಟಿದರೆ, ‘ಇಲ್ಲೊಂದು ದೋಷವಿದೆ, ನೋಡಿದ್ದೇವೆ, ಕತ್ತರಿಸಬೇಡಿ, ಹಾಗೇ ಇರಲಿ’ ಎಂದರ್ಥ. ಅದುವರೆಗೆ ಆಟದಲ್ಲಿ ಹಾಗೆ ಉಳಿಸಬೇಕೆನಿಸಿದ ತೂತು ಅವರಿಗೆ ಸಿಕ್ಕಿರಲಿಲ್ಲ, ಹಾಗಾಗಿ ದಾರ ಹೊರಗೆ ಬಂದಿರಲಿಲ್ಲ. ನಮ್ಮ ಆಫೀಸಿನಲ್ಲಿ ಕೆಂಪು ಎಂದರೆ ಬೇರೆ, ಅದು ಅವರಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಆಟ ಸತ್ತಿದೆ, ಎಲ್ಲರೂ ಕೈ ನಿಲ್ಲಿಸಿ ಎಂದರ್ಥ. ಚೀಟಿ ಎತ್ತುವ ಸರದಿ ನಿಶಿಯುರಾ ಅವರದಾಗಿತ್ತು. ಕೆಂಪು ಕಂಡದ್ದೇ ಆಕೆ ಓದುವ ಗೋಜಿಗೂ ಹೋಗದೆ ಕೈ ಮೇಲೆತ್ತಿದರು. ಹನ್ನೆರಡು ಕಂಟ್ರೋಲರ್ ಕೆಳಗಿಳಿದವು. ಅಚ್ಚಿನ ಕಾರ್ಖಾನೆಗೆ ಫೋನು ಹೋಯಿತು. ಸೆಗಾವಾ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಓಡಿಬಂದರು.

“ಇತಾನಿ ಅಕ್ಕ, ಆಟ ಎಲ್ಲಿ ಸತ್ತಿತು?”

“ಸತ್ತಿಲ್ಲವಲ್ಲ. ಯಾರು ಹೇಳಿದ್ರು?”

“ಕೆಂಪು ಕಟ್ಟಿದ್ದೀರಿ.”

“ಅದು ಕಂಬಳಿ ದಾರ, ಸೆಗಾವಾ ಸಾನ್. ಇರಲಿ ಬಿಡಿ ಅಂತ ಕಟ್ಟೋದು.”

ಕಂಬಳಿ ಎಂದಾಗ ಸೆಗಾವಾ ಅವರ ಮುಖ ನೋಡಬೇಕಿತ್ತು. ಕಿನುಯೊ ವಿಷಯವೆಲ್ಲ ಬಿಡಿಸಿ ಹೇಳಿದರು, ಎರಡು ದಿನ ಮುಚ್ಚಿಟ್ಟದ್ದನ್ನೂ ಸೇರಿಸಿ, ತಲೆ ಬಗ್ಗಿಸಿ. ತೂತು ಮುಚ್ಚಿ, ಮುಗಿಯಿತು ಎಂದರು ಸೆಗಾವಾ. ಈ ಆಟದಲ್ಲಿ ಉಸಿರಾಡಲು ಇರುವುದು ಅದೊಂದೇ ಕಿಟಕಿ, ಮುಚ್ಚಿದರೆ ನಾನು ಕೆಲಸ ಬಿಡುತ್ತೇನೆ ಎಂದರು ನಿಶಿಯುರಾ. ಇದಕ್ಕೆ ಮೊದಲು ಆಕೆ ಕೆಲಸ ಬಿಟ್ಟದ್ದು ಹಿಂದಿನ ಗುರುವಾರ, ಅದಕ್ಕೂ ಮೊದಲು ತಿಂಗಳಿಗೆ ಎರಡು ಸಲ. ಯಾರೂ ಹೆದರಲಿಲ್ಲ.

ಕಿನುಯೊ ತಮ್ಮ ಕುರ್ಚಿ ಬಿಟ್ಟು ಎದ್ದರು. “ಮುಚ್ಚೋ ಮುಂಚೆ ಒಂದು ಸಲ ಹೋಗಿ ಬನ್ನಿ. ನಿಮ್ಮದೇ ಊರು.”

ಆ ಊರನ್ನು ಕಟ್ಟಿದ ಮನುಷ್ಯನಿಗೆ ಅದರ ಸಂದು ಸಿಗಲಿಲ್ಲ. ಗೂಟಕ್ಕೆ ಡಿಕ್ಕಿ ಹೊಡೆದರು, ಬಲೆಗೆ ಹೊಡೆದರು, ಒಮ್ಮೆ ಅಂಬಿಗನಿಗೇ ಹೋಗಿ ಗುದ್ದಿದರು. ಹಿಂದೆ ನಿಂತ ನಾವು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡೆವು. ಗೋಡೆ ಬಿಡಬೇಡಿ, ಅವಸರ ಮಾಡಬೇಡಿ ಎಂದು ಕಿನುಯೊ ಹೇಳಿಕೊಟ್ಟ ಮೇಲೆ ಶಿಯೊ ಒಮ್ಮೆ ಅಲುಗಿ ಆಚೆ ಹೋದಳು.

ಗುಡ್ಡದ ತುದಿಯಲ್ಲಿ ಸೆಗಾವಾ ಶಿಯೊಳನ್ನು ಕಲ್ಲಿನ ಹತ್ತಿರ ನಿಲ್ಲಿಸಿದರು. ಹುಲ್ಲು ಒಲೆಯಿತು. ಕೆಳಗೆ, ಬೆರಳ ತುದಿಯಷ್ಟು ಸಣ್ಣಗೆ ದೋಣಿ ಕಾಣುತ್ತಿತ್ತು. ಅದರ ಪಕ್ಕ ಅಂಬಿಗ ಇನ್ನೂ ಕೈ ಬೀಸುತ್ತ ನಿಂತಿದ್ದ.

“ಇವನು ಸುಳ್ಳುಗಾರನಾಗಿಬಿಟ್ಟ,” ಎಂದರು ಸೆಗಾವಾ. “ಇಳಿತ ಕಾಯಲ್ಲ ಅಂತಾನೆ. ಸೋಮವಾರದಿಂದ ಕಾಯ್ತಾ ನಿಂತಿದ್ದಾನೆ.”

“ಸುಳ್ಳಲ್ಲ,” ಎಂದರು ಕಿನುಯೊ. “ಬೇಗ ಬಾ ಅಂತ ಕರೆದು, ಬರೋವರೆಗೂ ನಿಂತಿರೋರು ಇರ್ತಾರೆ. ನಮ್ಮಮ್ಮ ಗಿರಣಿ ಬಾಗಿಲಲ್ಲಿ ಹಾಗೇ ನಿಲ್ತಿದ್ದಳು. ತಡ ಮಾಡಿದ್ರೆ ಬಿಟ್ಟು ಹೋಗ್ತೀನಿ ಅಂತಿದ್ದಳು. ಒಂದು ದಿನಾನೂ ಬಿಟ್ಟು ಹೋಗಲಿಲ್ಲ.”

ಸೆಗಾವಾ ಗುಡ್ಡ ಇಳಿದರು, ಕಿನುಯೊ ತೋರಿಸಿದಂತೆ ಬಂಡೆಗಳನ್ನು ತಪ್ಪಿಸಿಕೊಂಡು. ದೋಣಿ ಹತ್ತಿದರು. ದೋಣಿ ಹೊರಟಿತು, ಸಂಗೀತ ಬಂತು, ದೂರದಲ್ಲಿ ಆ ಗುಡ್ಡ ಎರಡು ಉಸಿರಿನಷ್ಟು ಹೊತ್ತು ಕಂಡು ಮರೆಯಾಯಿತು. ಅಲ್ಲಿ ಅಳಬೇಕೆಂದು ಅವರು ಕಾಗದದಲ್ಲಿ ಬರೆದಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಅಂಬಿಗನ ಮಾತು ಒಂದಕ್ಷರ ಬದಲಿಸಬೇಡಿ, ಗೂಟ ಅಲ್ಲೇ ಇರಲಿ, ಸಿಕ್ಕಿಕೊಳ್ಳುವ ಬಂಡೆ ಮಾತ್ರ ಸರಿಸಿ ಎಂದರು.

ನಿಶಿಯುರಾ ಉಬ್ಬಿಹೋದರು. ಹಾಗಾದರೆ ತುದಿಯಲ್ಲಿ ಒಂದು ನಿಧಿಯ ಪೆಟ್ಟಿಗೆ ಇಡೋಣ, ಹತ್ತಿ ಬಂದವರಿಗೆ ಏನಾದರೂ ಸಿಗಬೇಡವೇ ಎಂದರು. ಅದುವರೆಗೆ ಮೆತ್ತಗೆ ಮಾತಾಡುತ್ತಿದ್ದ ಕಿನುಯೊ ಗಟ್ಟಿಯಾಗಿದ್ದು ಆಗಲೇ.

“ಪೆಟ್ಟಿಗೆ ಇಟ್ಟರೆ ಪೆಟ್ಟಿಗೆಗೋಸ್ಕರ ಬರ್ತಾರೆ. ಅದೂ ದೋಣಿ ಹತ್ತಿದ ಹಾಗೇ ಆಯ್ತಲ್ಲ, ನಿಶಿಯುರಾ ಸಾನ್. ಇನ್ನೊಂದು ಹಗ್ಗ.”

ನಿಶಿಯುರಾ ಪೆಟ್ಟಿಗೆಯ ಮಾತು ಕೈಬಿಟ್ಟರು. ಆ ವಾರ ಆಕೆ ಕೆಲಸ ಬಿಡಲಿಲ್ಲ.

ಗುರುವಾರ ಪೂರ್ತಿ, ಶುಕ್ರವಾರ ಮಧ್ಯಾಹ್ನದವರೆಗೆ ನಾವು ಹನ್ನೆರಡೂ ಮಂದಿ ಆ ಗುಡ್ಡವನ್ನೇ ಉಜ್ಜಿದೆವು. ಎಲ್ಲಿಂದ ಇಳಿದರೂ ಶಿಯೊ ಸಿಕ್ಕಿಕೊಳ್ಳಲಿಲ್ಲ. ಮೂರು ಗಂಟೆಗೆ ಡಿಸ್ಕ್ ಹೋಯಿತು. ಕಿನುಯೊ ‘ಏನು ಮಾಡಬೇಕು’ ಎಂಬ ಖಾಲಿ ಜಾಗದಲ್ಲಿ ‘ಇರಲಿ’ ಎಂದು ಬರೆದು, ಸಹಿ ಹಾಕಿ, ಹೊತ್ತಿಗೆ ಸರಿಯಾಗಿ ರೈಲು ಹಿಡಿದರು.

ಆಮೇಲಿನದು ನಿಮಗೆ ಗೊತ್ತು. ಗುಡ್ಡ ಹೆಸರುವಾಸಿಯಾಯಿತು. ಕಟ್ಟಿದ ಕಥೆಯ ಗೆಲುವು ಎಂದು ಒಬ್ಬ ಬರೆದ. ಸ್ವಾತಂತ್ರ್ಯದ ಮೊದಲ ಹೆಜ್ಜೆ ಎಂದು ಇನ್ನೊಬ್ಬ ಬರೆದ. ನಿರ್ದೇಶಕರ ದೂರದೃಷ್ಟಿ ಎಂದು ಮೂರನೆಯವ ಅಡ್ಡಬಿದ್ದ. ಎಲ್ಲ ಸುಳ್ಳು. ಮೂವರೂ ಆಫೀಸಿನ ಮೆಟ್ಟಿಲು ಹತ್ತಿದವರಲ್ಲ. ಆಟದ ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ ಸಂಗೀತಗಾರನ ಹೆಸರಿದೆ, ಕಂಪನಿ ಮಾಲೀಕನ ಹೆಸರು ಎರಡು ಸಲ ಇದೆ. ಕಿನುಯೊ ಇರುವ ಸಾಲು ಇಷ್ಟು: ‘ಪರೀಕ್ಷೆ, ಹನ್ನೆರಡು ಮಂದಿ.’ ಕುರ್ಚಿ ಎಣಿಸಿದ ಹಾಗೆ.

ಸಿಟ್ಟು ನನ್ನದು, ಅವರದಲ್ಲ. ಕಿನುಯೊ ಈಗ ಇಜುಮಿಓತ್ಸುವಿನಲ್ಲಿ, ಸಮುದ್ರಕ್ಕೆ ಎರಡು ಬೀದಿ ಈಚೆ, ಎರಡು ಕೋಣೆಯ ಮನೆಯಲ್ಲಿದ್ದಾರೆ. ಎಪ್ಪತ್ತು ಹತ್ತಿರವಾಗಿದೆ. ಕಿಟಕಿಯಲ್ಲಿ ಸೌತೆಬಳ್ಳಿ, ಟಿವಿಯ ಕೆಳಗೆ ಹೊಸ ಯಂತ್ರ. ಈಗಿನ ಆಟಗಳು ಒಂದು ಜಿಲ್ಲೆಯಷ್ಟು ದೊಡ್ಡವು, ಯಾವ ಕಡೆಗಾದರೂ ಹೋಗಬಹುದು. ಅವರಿಗೆ ಅದೂ ಇಷ್ಟ, ಕಥೆ ಹಿಡಿದು ಓಡುವ ಆಟವೂ ಇಷ್ಟ. ಮೊನ್ನೆ ಹೋದಾಗ ಯಾವುದು ಮೇಲು ಎಂದು ಕೇಳಿದೆ. ಚಳಿಗಾಲದಲ್ಲಿ ಕಂಬಳಿ, ಬೇಸಿಗೆಯಲ್ಲಿ ಚಾಪೆ, ಅದಕ್ಯಾಕೆ ಜಗಳ ಎಂದು ಸೌತೆಕಾಯಿ ಹೆಚ್ಚಿಕೊಟ್ಟರು. ಹೆಸರು ಹಾಕದ್ದಕ್ಕೆ ಬೇಸರವಿಲ್ಲವೇ ಎಂದೆ. ಗುಡ್ಡ ಇದೆಯಲ್ಲ ಎಂದರು. ಅವರಿಗೆ ಅಷ್ಟು ಸಾಕು.

ನನಗೆ ಸಾಲದು, ನಿಮಗೂ ಸಾಲಬಾರದು. ಆ ಆಟ ಮುಂದಿನ ವರ್ಷ ಹೊಸ ರೂಪದಲ್ಲಿ ಮತ್ತೆ ಬರುತ್ತಿದೆ. ಕೊನೆಯ ಸಾಲುಗಳನ್ನು ಅವರು ಇನ್ನೂ ತಿದ್ದಬಹುದು. ನೀವು ಓಣಿಯವರಿರಲಿ, ಬಯಲಿನವರಿರಲಿ, ಇವತ್ತು ಜಗಳ ನಿಲ್ಲಿಸಿ ಒಂದು ಅಂಚೆ ಕಾರ್ಡ್ ತನ್ನಿ. ಕಂಪನಿಯ ವಿಳಾಸಕ್ಕೆ, ನಿಮ್ಮದೇ ಕೈಬರಹದಲ್ಲಿ, ಒಂದೇ ಸಾಲು ಬರೆಯಿರಿ: ಆ ಹನ್ನೆರಡು ಮಂದಿಯ ಹೆಸರು ಹಾಕಿ.