ಹಗ್ಗ ನೋಡುವ ಕೈ

ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವುದನ್ನು ಸೈನಿಕರಿಗೆ ಕಲಿಸುವ ಆ ಶಿಬಿರದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹಗ್ಗದಣ್ಣ ಎಂದೇ. ಇಪ್ಪತ್ತಾರು ವರ್ಷ ಒಂದೇ ಕೆಲಸ: ಹಾರಾಟಕ್ಕೆ ಮುಂಚೆ ಪ್ರತಿ ಹಗ್ಗವನ್ನೂ ಕಣ್ಣು ಮುಚ್ಚಿ, ಬರಿಗೈಯಲ್ಲಿ ತುದಿಯಿಂದ ತುದಿಗೆ ಸವರಿ ನೋಡುವುದು. ಒಳಗಿನ ಎಳೆ ಸವೆದ ಕಡೆ ಹಗ್ಗ ಮೆತ್ತಗಾಗಿರುತ್ತದೆ; ಕಣ್ಣಿಗೆ ಕಾಣದ್ದು ಅಂಗೈಗೆ ತಿಳಿಯುತ್ತದೆ. ಹಗ್ಗದಣ್ಣ ಬೇಡವೆಂದರೆ ಮೇಲಧಿಕಾರಿಯೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆ ಹಗ್ಗವನ್ನು ಮತ್ತೆ ಯಾರೂ ಬಳಸದಂತೆ ಅವತ್ತೇ ಕತ್ತರಿಸಿ ಹಾಕುತ್ತಿದ್ದರು.

ಆದರೆ ವರ್ಷದಿಂದ ಈ ಪುಣ್ಯಾತ್ಮನ ಬೆರಳುಗಳಿಗೆ ಜೋಮು ಹಿಡಿದಿತ್ತು. ಬಿಸಿ ಲೋಟ ಹಿಡಿದರೂ ಸುಡುತ್ತಿರಲಿಲ್ಲ. ಹೇಳಿದರೆ ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡು, ಸ್ಟೋರಿನಲ್ಲಿ ಒಬ್ಬನೇ ಇದ್ದಾಗ ಹಗ್ಗವನ್ನು ಕೆನ್ನೆಗೆ ಒತ್ತಿ ನೋಡಿ ಹೇಗೋ ನಿಭಾಯಿಸುತ್ತಿದ್ದ. ಎಂಥ ಮೊಂಡುತನ ನೋಡಿ!

ಅವತ್ತು ಬೆಳಿಗ್ಗೆ ಕೊನೆಯ ಪರೀಕ್ಷೆ. ಮೊದಲು ಇಳಿಯಬೇಕಾದವಳು ಅವನ ತಂಗಿಯ ಮಗಳು. ಅವನು ನೋಡಿಟ್ಟಿದ್ದ ಹಗ್ಗ ಮೈದಾನದಲ್ಲಿ ನೀರಿಗೆ ಬಿದ್ದು ಒದ್ದೆಯಾಯಿತೆಂದು ಅಧಿಕಾರಿ ಬೇರೊಂದನ್ನು ತರಿಸಿದರು. ಹಗ್ಗದಣ್ಣ ಎಲ್ಲರೆದುರು ಅದನ್ನು ಸವರಿದ. ಕೈಗೆ ಏನೂ ತಿಳಿಯಲಿಲ್ಲ.

"ಆಯ್ತೇನ್ರಿ?" ಎಂದರು ಅಧಿಕಾರಿ.

ಆಯ್ತು ಅನ್ನುವ ಮಾತು ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಹುಡುಗಿ ಕೈಗವಸು ಬಿಗಿದುಕೊಳ್ಳುತ್ತಾ ನಕ್ಕಳು: "ಮಾವ ನೋಡಿದ್ಮೇಲೆ ಇನ್ನೇನು ಸಾರ್, ಕಣ್ಮುಚ್ಕೊಂಡು ಇಳೀತೀನಿ."

ಅವನು ಆಯ್ತು ಅನ್ನಲಿಲ್ಲ. ಹಗ್ಗವನ್ನು ಎತ್ತಿ ಕೆನ್ನೆಗೆ ಒತ್ತಿದ. ಮೊಳ ಮೊಳವಾಗಿ ಸರಿಸಿದ.

"ಅಯ್ಯಯ್ಯೋ, ಹಗ್ಗಕ್ಕೆ ಮುತ್ತು ಕೊಡ್ತಿದಾನಲ್ರೋ!" ಎಂದು ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು. ನಡುವೆ ಒಂದು ಕಡೆ ಅವನ ಕೆನ್ನೆ ನಿಂತಿತು.

"ಇದು ಬೇಡ ಸಾರ್," ಎಂದ. "ಕೈಗೆ ಗೊತ್ತಾಗ್ಲೇ ಇಲ್ಲ. ವರ್ಷದಿಂದ ಹೀಗೇ. ಮುಚ್ಚಿಟ್ಟೆ, ತಪ್ಪಾಯ್ತು."

ನಗು ನಿಂತಿತು. ಇನ್ನೊಬ್ಬ ತರಬೇತುದಾರ ನೋಡಿಕೊಟ್ಟ ಹಗ್ಗದಲ್ಲಿ ಹುಡುಗಿ ಸಲೀಸಾಗಿ ಇಳಿದಳು. ಹಗ್ಗದಣ್ಣ ಸಂಜೆಯೊಳಗೆ ಸ್ಟೋರಿನ ಬೀಗದಕೈ ಒಪ್ಪಿಸಬೇಕಾಯಿತು.

ಅದಕ್ಕೆ ಮುಂಚೆ ಹುಡುಗಿ ಮುಖ ಊದಿಸಿಕೊಂಡು ಸ್ಟೋರಿಗೆ ಬಂದಳು. "ಅಮ್ಮಂಗಾದ್ರೂ ಹೇಳ್ಬಾರ್ದಿತ್ತಾ ಮಾವ?"

"ಬೈಯೋದು ಆಮೇಲೆ. ಕಣ್ಣು ಮುಚ್ಚು," ಎಂದು ಬೆಳಿಗ್ಗೆ ಬೇಡವೆಂದಿದ್ದ ಹಗ್ಗವನ್ನು ಅವಳ ಅಂಗೈಯಲ್ಲಿಟ್ಟ. ಅವಳು ಸಾವಕಾಶವಾಗಿ ಸವರುತ್ತಾ ಹೋದಳು.

"ಇಲ್ಲಿ ಮಾವ. ಮೆತ್ತಗಿದೆ."

ಅವನೂ ಅಲ್ಲೇ ಬೆರಳಿಟ್ಟ. ಏನೂ ತಿಳಿಯಲಿಲ್ಲ. ಕೆನ್ನೆಗೆ ಒತ್ತಿ ನೋಡಿದ; ಆಗ ಕೆನ್ನೆ ನಿಂತಿದ್ದ ಜಾಗವೇ.

"ಸರಿಯಾಗ್ ಹೇಳ್ದೆ ಕಣೇ," ಎಂದು ತನ್ನ ಚಾಕು ಅವಳ ಕೈಗೆ ಕೊಟ್ಟ. "ನೀನೇ ಕತ್ತರ್ಸು."